ಕಾಟಾ ರಾಚಪ್ಪನವರ ಆಫ್ರಿಕಾ

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಟಪಾಲಿನವನು ಒಂದು ಕಾರ್ಡು ಎಸೆದು ಹೋಗದಿದ್ದರೆ, ಕಾಟಾ ರಾಚಪ್ಪನವರು ಆ ದಿನವನ್ನೂ ಎಂದಿನಂತೆ ಯೋಚನೆ ಮಾಡುತ್ತಲೇ ಕಳೆಯುತ್ತಿದ್ದರು. ಕಾರ್ಡಿನಲ್ಲಿ ಮೂರೇ ಸಾಲು. ಬೆಳಗಾವಿಯ ಪ್ರವಾಸ ಕಂಪನಿಯವರು ಬರೆದಿದ್ದರು: "ಆಗಸ್ಟಿನ ಆಫ್ರಿಕಾ ಪ್ರವಾಸಕ್ಕೆ ಒಂದೇ ಸೀಟು ಉಳಿದಿದೆ. ನಮ್ಮ ಪರಮಾನಂದ ಅವರು ಈ ಗುರುವಾರ ಹನ್ನೊಂದರ ಬಸ್ಸಿಗೆ ಮುಧೋಳಕ್ಕೆ ಬರುತ್ತಾರೆ. ಹೌದೋ ಅಲ್ಲವೋ ಅವರಿಗೆ ತಿಳಿಸುವುದು."

ರಾಚಪ್ಪನವರಿಗೆ ಜಗತ್ತಿನಲ್ಲಿ ಬಾರದ ಕೆಲಸ ಅದೊಂದೇ. ಹೌದೋ ಅಲ್ಲವೋ ತಿಳಿಸುವುದು.

ಅವರದು ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ನೌಕರಿ. ಕಬ್ಬಿನ ಬಂಡಿಯೋ ಟ್ರ್ಯಾಕ್ಟರೋ ಬಂದು ನಿಂತರೆ ತೂಗಿ ಚೀಟಿ ಬರೆಯುವುದು. ವರ್ಷಗಟ್ಟಲೆ ತೂಗಿ ತೂಗಿ ಆ ಚಟ ರಕ್ತಕ್ಕೆ ಇಳಿದಿತ್ತು. ಚಪ್ಪಲಿ ಕೊಳ್ಳಲು ಹೋದರೆ ಎಡಗಾಲಿಗೆ ಒಂದು ನಮೂನೆ, ಬಲಗಾಲಿಗೆ ಇನ್ನೊಂದು ನಮೂನೆ ಹಾಕಿಕೊಂಡು ಅಂಗಡಿ ಮುಚ್ಚುವವರೆಗೆ ಅಡ್ಡಾಡಿ, ಹಳೆಯ ಚಪ್ಪಲಿಯಲ್ಲೇ ಮನೆಗೆ ಬರುತ್ತಿದ್ದರು.

ಅಂಥವರಿಗೆ ಆಫ್ರಿಕಾದ ಹುಚ್ಚು ಹಿಡಿದದ್ದಕ್ಕೂ ಈ ತೂಗಾಟವೇ ಮೂಲ. ಅವರು ಹುಡುಗನಾಗಿದ್ದಾಗ ಜಮಖಂಡಿಗೆ ಸರ್ಕಸ್ಸು ಬಂದಿತ್ತು. ಅಪ್ಪ ಕೈಯಲ್ಲಿ ರೊಕ್ಕ ಕೊಟ್ಟು ಕಳಿಸಿದ್ದ. ನೆಲದ ಮೇಲೆ ಕೂಡುವುದೋ, ಹಲಗೆಯ ಮೇಲೆ ಕೂಡುವುದೋ ಎಂದು ರಾಚಪ್ಪ ತಂಬುವಿನ ಮುಂದೆ ನಿಂತು ಯೋಚಿಸುತ್ತಿರುವಷ್ಟರಲ್ಲಿ ಎರಡೂ ಬಗೆಯ ಟಿಕೀಟು ತೀರಿಹೋದವು. ಮರುದಿನ ಸರ್ಕಸ್ಸು ಊರು ಬಿಟ್ಟಿತು. ಹೊರಗೆ ನಿಂತ ಹುಡುಗನಿಗೆ ಸಿಂಹದ ಗರ್ಜನೆಯಷ್ಟೇ ಕೇಳಿಸಿತ್ತು. ಈಗ ಐವತ್ತೇಳು ವರ್ಷ. ಆ ಗರ್ಜನೆಯ ಒಡೆಯನನ್ನು ಇನ್ನೂ ನೋಡಿರಲಿಲ್ಲ. ಮೊಳಕಾಲು ಆಗಲೇ ಬಸ್ಸಿನ ಮೆಟ್ಟಿಲಿಗೂ ತಕರಾರು ಮಾಡುತ್ತಿದ್ದವು. ಈ ವರ್ಷ ತಪ್ಪಿದರೆ ಜನ್ಮಕ್ಕೇ ತಪ್ಪಿದಂತೆ ಎಂಬುದು ಅವರಿಗೂ ಗೊತ್ತಿತ್ತು.

ಯುಗಾದಿಗೆ ಮುಂಚೆಯೇ ಮೂರು ಕಂಪನಿಗಳಿಂದ ಪುಸ್ತಿಕೆ ತರಿಸಿದ್ದರು. ಮುಂಬೈಯವರದು ಕೆಂಪು, ಪುಣೆಯವರದು ಹಸಿರು, ಬೆಳಗಾವಿಯವರದು ನೀಲಿ. ಮೂರನ್ನೂ ಹತ್ತು ಸಲ ಓದಿದರು. ಸಾಲದೆಂದು ಬೆಲ್ಲ ತೂಗುವ ತಕ್ಕಡಿಯಲ್ಲಿ ಇಟ್ಟು ತೂಗಿದರು. ಆಮೇಲೆ ಓಣಿಯವರನ್ನು ಕೇಳಿದರು. ಅದೇ ತಪ್ಪಾಯಿತು.

"ಸಿಂಹ ಬಂದು ಗಾಡಿ ಬಾಗಲಾ ತಗದ್ರ ಏನ ಮಾಡ್ತೀರಿ?" ಎಂದು ಎದುರು ಮನೆಯ ಗಿರಿಮಲ್ಲಪ್ಪ ಕೇಳಿದರು. ಅವರದು ಮೂವತ್ತು ಎಕರೆ ಕಬ್ಬು, ಅದಕ್ಕೆ ತಕ್ಕ ಹೊಟ್ಟೆ.

"ಅಲ್ಲೀ ನೀರು ನಮಗ ಹತ್ತೂದಿಲ್ರಿ," ಎಂದ ಬನಹಟ್ಟಿಯಲ್ಲಿ ಸೀರೆ ವ್ಯಾಪಾರ ಮಾಡುವ ಪಕ್ಕದ ಮನೆಯ ನೀಲಕಂಠ.

ಗಿರಿಮಲ್ಲಪ್ಪನವರ ತಾಯಿ ಮುತ್ತವ್ವನದು ಒಂದೇ ಪ್ರಶ್ನೆ. "ಅಲ್ಲಿ ಈಶ್ವರನ ಗುಡಿ ಐತೇನೋ ಯಪ್ಪಾ? ಇಲ್ಲಂದ್ರ ಅಷ್ಟ ದೂರ ಯಾಕ ಹೋಗ್ತಿ?"

ಬೇಡವೆಂದು ಹೇಳಿದವರೆಲ್ಲ ಹೋಗುವಾಗ ನೀಲಿ ಪುಸ್ತಿಕೆಯನ್ನು ಮಾತ್ರ "ಒಂದ ದಿನಾ ನೋಡಿ ಕೊಡ್ತೇನ್ರಿ" ಎಂದು ಒಯ್ಯುತ್ತಿದ್ದರು. ಅದು ಓಣಿಯ ಹನ್ನೊಂದು ಮನೆ ಸುತ್ತಿ, ಜಿರಾಫೆಯ ಕುತ್ತಿಗೆಗೆ ಅರಿಷಿಣ ಹಚ್ಚಿಸಿಕೊಂಡು ಕಾರಹುಣ್ಣಿಮೆಯ ಹೊತ್ತಿಗೆ ಮರಳಿ ಬಂತು. ಅಷ್ಟರಲ್ಲಿ ಕೆಂಪಿನವರ, ಹಸಿರಿನವರ ಸೀಟುಗಳೆಲ್ಲ ತುಂಬಿಹೋಗಿದ್ದವು.

ಇನ್ನು ಹೆಂಡತಿ ಭಾಗವ್ವ. ಮೊದಲು ಗಂಡ ಹೆಂಡತಿ ಇಬ್ಬರೂ ಹೋಗುವುದೆಂದು ಎರಡು ಪಾಸ್‌ಪೋರ್ಟು ಮಾಡಿಸಿದ್ದರು. ಆಮೇಲೆ ರಾಚಪ್ಪನವರು ಅದನ್ನೂ ತೂಗಿ, "ಈ ಸಲ ನಾ ಒಬ್ಬನ ಹೋಗಿ ಬರ್ತೇನಿ. ನಿಂದ ಮುಂದಿನ ಸಲ ನೋಡೂಣು," ಎಂದರು. "ಆತ್ರಿ," ಎಂದಳು ಭಾಗವ್ವ. ತನ್ನ ಪಾಸ್‌ಪೋರ್ಟನ್ನು ರೇಷನ್ ಕಾರ್ಡಿನ ಜೊತೆ ಟ್ರಂಕಿನ ತಳದಲ್ಲಿಟ್ಟಳು. ಮತ್ತೆ ಆ ಮಾತು ಎತ್ತಲಿಲ್ಲ.

ಕಾರ್ಡು ಹಿಡಿದುಕೊಂಡು ರಾಚಪ್ಪನವರು ಗಿರಿಮಲ್ಲಪ್ಪನವರ ಕಟ್ಟೆಗೆ ಓಡಿದರು. ನೀಲಕಂಠನೂ ಅಲ್ಲೇ ಚಹಾ ಕುಡಿಯುತ್ತಿದ್ದ.

"ಬರಲ್ರಿ ಅಂವಾ. ಮೊದಲ ಛಲೋತ್ನಂಗ ಊಟಕ್ಕ ಹಾಕ್ರಿ," ಎಂದರು ಗಿರಿಮಲ್ಲಪ್ಪ. "ಹೊಟ್ಟಿ ತುಂಬಿದ ಮ್ಯಾಲ ಮಾತು ಮೆತ್ತಗಾಗ್ತಾವ."

"ಸಹಿ ಮಾತ್ರ ಲಗೂನ ಮಾಡಬ್ಯಾಡ್ರಿ," ಎಂದ ನೀಲಕಂಠ. "ಏನರ ಒಂದ ತಕರಾರ ತಗೀರಿ. ಊಟದ್ದ ತಗೀರಿ. ಹದಿನೈದ ದಿನಾ ರೊಟ್ಟಿ ಇಲ್ದ ಹೆಂಗ ಇರೂದು, ಅಡಗಿಯವರನ್ನ ಕರಕೊಂಡ ನಡೀರಿ ಅನ್ರಿ. ಆಗ ನೋಡ್ರಿ, ಅಂವಾ ಹೆಂಗ ದಾರಿಗೆ ಬರ್ತಾನ."

ಇಬ್ಬರೂ ತನ್ನ ಮೇಲೆ ಇಷ್ಟು ಕಾಳಜಿ ಮಾಡುತ್ತಿರುವುದನ್ನು ಕಂಡು ರಾಚಪ್ಪನವರ ಕಣ್ಣು ತೇವವಾದವು.

ಹನ್ನೊಂದರ ಬಸ್ಸು ಹನ್ನೆರಡಕ್ಕೆ ಬಂತು. ಪರಮಾನಂದ ಇಳಿದ. ಖಾಕಿ ಸಫಾರಿ ಸೂಟು, ಹೆಗಲಿಗೆ ಚರ್ಮದ ಚೀಲ, ತಲೆಗೆ ಬೇಟೆಗಾರರ ಟೊಪ್ಪಿಗೆ. ಹತ್ತು ಸಲ ಆಫ್ರಿಕಾಕ್ಕೆ ಹೋಗಿ ಬಂದವನೆಂದು ಪುಸ್ತಿಕೆಯಲ್ಲಿತ್ತು. ಸಿಂಹದಿಂದ ಇಪ್ಪತ್ತು ಅಡಿ ದೂರದಲ್ಲಿ ನಗುತ್ತ ನಿಂತ ಫೋಟೋ ಕೂಡ ಇತ್ತು.

ಓಣಿಯೊಳಗೆ ಬಂದದ್ದೇ ತಡ, ಗಿರಿಮಲ್ಲಪ್ಪನವರ ಬೇಟೆ ನಾಯಿ ಮೋತಿಗೆ ಆ ಚರ್ಮದ ಚೀಲದ ವಾಸನೆ ಬಡಿಯಿತು. ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹೊರಟಿತು. ಅದನ್ನು ನೋಡಿ ಪರಮಾನಂದ ಮಾಡಿದ ಕೆಲಸ ನೋಡುವಂತಿತ್ತು. ಟೊಪ್ಪಿಗೆ ಒಂದು ಕಡೆ, ಚಪ್ಪಲಿ ಒಂದು ಕಡೆ, ತಾನು ಕಬ್ಬು ಹೇರುವ ಟ್ರೇಲರಿನ ಮೇಲೆ.

"ಯಪ್ಪಾ, ಹಿಡೀರಿ ಇದನ್ನ! ಹಿಡೀರಿ ಅಂತೇನಿ!"

ಕಟ್ಟೆಯ ಮೇಲೆ ಕೂತಿದ್ದ ಮುತ್ತವ್ವ ಎಲೆಯಡಿಕೆ ಉಗುಳಿ, "ಲೇ ಗಿರಿಮಲ್ಯಾ, ಸಿಂಹಾ ತೋರ್ಸಾವ ಇಂವಾನೇನ?" ಎಂದಳು.

ಮೋತಿಯನ್ನು ಹಿಡಿದು ಕಟ್ಟಿ, ಪರಮಾನಂದನನ್ನು ಇಳಿಸಿ, ಅವನ ಟೊಪ್ಪಿಗೆಯ ಧೂಳು ಝಾಡಿಸುವ ಹೊತ್ತಿಗೆ ಗಂಟೆ ಒಂದಾಗಿತ್ತು. ಇಂಥವನನ್ನು ನಂಬಿ ಹೋಗುವುದೋ ಬಿಡುವುದೋ ಎಂದು ರಾಚಪ್ಪನವರ ಮನಸ್ಸಿನ ತಕ್ಕಡಿ ಮತ್ತೆ ತೂಗಾಡತೊಡಗಿತು. ಪರಮಾನಂದನಿಗೆ ಹೆದರಿಕೆ ಇಳಿದ ಮೇಲೆ ವಿಪರೀತ ಹಸಿವೆಯಾಯಿತು.

ಒಳಗೆ ಭಾಗವ್ವ ರೊಟ್ಟಿ ಬಡಿಯುತ್ತಿದ್ದಳು. ಕಟ್ಟಿಗೆಯ ಕೊಣಮಿಗೆಯ ಮೇಲೆ ಕೈ ಬೀಳುವ ಸದ್ದಿಗೆ ಒಂದು ಲಯವಿತ್ತು. ಹೆಂಚಿನಿಂದ ಇಳಿದ ರೊಟ್ಟಿ ಉಸಿರು ತುಂಬಿಕೊಂಡು ಉಬ್ಬಿ ತಾಟಿಗೆ ಬರುತ್ತಿತ್ತು. ಜೊತೆಗೆ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆ ಮೊಸರು. ಪರಮಾನಂದ ನಾಲ್ಕನೆಯ ರೊಟ್ಟಿಯವರೆಗೆ ಮಾತಾಡುತ್ತ ಉಂಡ. ಐದನೆಯದರಿಂದ ಮಾತು ನಿಂತಿತು. ಎಂಟಾದ ಮೇಲೆ ಕಣ್ಣು ಮುಚ್ಚಿ ಕೈ ನೆಕ್ಕಿದ.

ಊಟವಾಗಿ ಪಡಸಾಲೆಗೆ ಬಂದು ಕೂತಾಗ ಗಿರಿಮಲ್ಲಪ್ಪ, ನೀಲಕಂಠ, ಓಣಿಯ ಇನ್ನೂ ಏಳೆಂಟು ಮಂದಿ ಬಂದು ಗೋಡೆಗೆ ಒರಗಿದ್ದರು. ಪರಮಾನಂದ ಫಾರ್ಮು ತೆಗೆದು, ಪೆನ್ನಿನ ಟೊಪ್ಪಿಗೆ ಬಿಚ್ಚಿ, ರಾಚಪ್ಪನವರ ಕೈಗೇ ಕೊಟ್ಟ.

"ಇಲ್ಲಿ ಸಹಿ ಮಾಡಿಬಿಡ್ರಿ ಸಾಹೇಬ್ರ. ಸೀಟು ನಿಮ್ದ ಆತು."

ಆ ಪೆನ್ನು ಅವರ ಬೆರಳ ನಡುವೆ ಇತ್ತು. ನಿಬ್ಬಿಗೂ ಕಾಗದಕ್ಕೂ ನಾಲ್ಕು ಬೆರಳಿನ ಅಂತರ. ಆಮೇಲೆ ಎಷ್ಟೋ ದಿನ ರಾಚಪ್ಪನವರು ಆ ನಾಲ್ಕು ಬೆರಳನ್ನು ಗಾಳಿಯಲ್ಲಿ ಅಳೆದು ನೋಡುತ್ತಿದ್ದರು.

ಮೂಲೆಯಿಂದ ನೀಲಕಂಠ ಕೆಮ್ಮಿದ.

"ಅಲ್ರಿ, ಒಂದ ಮಾತು," ಎಂದು ರಾಚಪ್ಪನವರು ಪೆನ್ನು ಕೆಳಗಿಟ್ಟರು. "ಹದಿನೈದ ದಿನಾ ರೊಟ್ಟಿ ಇಲ್ದ ನಾವು ಹೆಂಗ ಇರೂದು?"

"ಅಲ್ಲೀ ಹಾಟೇಲಿನ್ಯಾಗ ಬ್ರೆಡ್ಡು, ಅನ್ನಾ, ಕಾಯಿಪಲ್ಲೆ ಎಲ್ಲಾ ಸಿಗ್ತಾವ್ರಿ."

"ಬ್ರೆಡ್ಡು ತಿಂದು ಸಿಂಹಾ ನೋಡೂದೇನ್ರಿ? ಹೊಟ್ಟ್ಯಾಗ ರೊಟ್ಟಿ ಇದ್ರ ಧೈರ್ಯ ಇರ್ತೈತಿ. ಅಡಗಿಯವರನ್ನ ಕರಕೊಂಡ ನಡೀರಿ. ಇಲ್ಲಂದ್ರ ನಮ್ಮ ಊರಿನ ಒಬ್ರೂ ಬರೂದಿಲ್ಲ!" ರಾಚಪ್ಪನವರು ಜೀವನದಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ. ತಮ್ಮ ದನಿ ತಮಗೇ ಹಿಡಿಸಿತು.

"ಖರೆ ಐತಿ!" ಎಂದರು ಗಿರಿಮಲ್ಲಪ್ಪ. "ಅಡಗಿಯವರು ಬೇಕ ಬೇಕು!" ಎಂದು ಗೋಡೆಯುದ್ದಕ್ಕೂ ದನಿ ಎದ್ದಿತು.

ಪರಮಾನಂದ ಗಾಬರಿಯಾಗಿ ಚೀಲದಿಂದ ಒಂದು ಯಾದಿ ತೆಗೆದು ಒಬ್ಬೊಬ್ಬರ ಮುಖ ನೋಡಿದ. "ಅಂದ್ರ ನೀವು ಹನ್ನೊಂದೂ ಮಂದಿ ಇದನ್ನ ಅಂತೀರೇನು?"

"ಯಾವ ಹನ್ನೊಂದ ಮಂದಿ?" ರಾಚಪ್ಪನವರು ಕೇಳಿದರು.

"ಇವರ‍್ರಿ. ನಿಮ್ಮ ಓಣಿಯವರ. ಗಿರಿಮಲ್ಲಪ್ಪನವರು, ಅವರ ತಾಯಿ ಮುತ್ತವ್ವನವರು, ನೀಲಕಂಠ ಅವರು... ಹೋದ ತಿಂಗಳ ಬೆಳಗಾವಿಗೆ ಬಂದು ಬುಕ್ ಮಾಡ್ಯಾರಲ್ರಿ. ಹನ್ನೆರಡನೇದ ನಿಮ್ದು."

ಎಲ್ಲರೂ ಮಾಡಿನ ತೊಲೆ ಎಣಿಸತೊಡಗಿದರು.

"ಗಿರಿಮಲ್ಲಪ್ನವರ, ಸಿಂಹಾ ಬಾಗಲಾ ತಗೀತೈತಿ ಅಂದಿದ್ರಲ್ಲ?" ಎಂದರು ರಾಚಪ್ಪನವರು.

"ಅಂದಿದ್ನಿರಿ. ಆದ್ರ ನಿಮ್ಮ ಪುಸ್ತಕಾ ಓದಿ ಹುರುಪು ಬಂತ ನೋಡ್ರಿ," ಎಂದರು ಗಿರಿಮಲ್ಲಪ್ಪ ಗಡ್ಡ ಕೆರೆದುಕೊಳ್ಳುತ್ತ. "ನೀವು ಹೋಗ್ತೀರೋ ಬಿಡ್ತೀರೋ ಅಂತ ಕಾಯ್ಕೋಂತ ಕುಂತ್ರ ನಮ್ಮ ಆಯುಷ್ಯ ಮುಗೀತಿತ್ತು."

"ಈ ಊಟದ ತಕರಾರು?"

"ಅದು ನಮ್ಮ ಸಲುವಾಗಿನ ಆತು," ನೀಲಕಂಠ ನೆಲ ನೋಡಿದ. "ನಾವು ಹೇಳಿದ್ರ ಕಂಪನಿಯವರು ಕೇಳಲಿಲ್ರಿ. ನೀವಂದ್ರ ಹಿರ‍್ಯಾರು..."

ಮುತ್ತವ್ವ ಬಾಗಿಲಲ್ಲಿ ಬಂದು ನಿಂತಿದ್ದಳು. "ಗುಡಿ ಇಲ್ಲದಿದ್ರ ಇಲ್ಲ, ಆನಿ ಐತೆಲ್ಲೋ. ಗಣಪತೀನ ನೋಡಿದಂಗ ಆತು," ಎಂದು ತನ್ನ ಲೆಕ್ಕ ಒಪ್ಪಿಸಿದಳು.

ಪರಮಾನಂದ ಕೈ ಜೋಡಿಸಿದ. "ನನ್ನ ಮಾತು ಕೇಳ್ರಿ. ಗಾಡಿ ಎರಡು. ಒಂದೊಂದಕ್ಕ ಆರು ಮಂದಿ. ಒಟ್ಟ ಹನ್ನೆರಡು. ಅಡಗಿಯವರನ್ನ ಒಯ್ಯಬೇಕಂದ್ರ ಈ ಕಡೀ ಸೀಟಿನ್ಯಾಗ ಒಯ್ಯಬೇಕು. ಖರ್ಚು ಕಂಪನಿ ನೋಡಿಕೊಳ್ತೈತಿ. ಆದ್ರ ಪಾಸ್‌ಪೋರ್ಟ್ ಇದ್ದ, ರೊಟ್ಟಿ ಬಡಿಯಾಕ ಬರೂ ಮನಿಷ್ಯಾರು ಎಲ್ಲಿ ಸಿಗ್ತಾರ್ರಿ ನನಗ?"

ಅಡಿಗೆ ಮನೆಯಿಂದ ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು. ಭಾಗವ್ವ ಈಗ ತನ್ನ ಊಟಕ್ಕೆ ಮಾಡಿಕೊಳ್ಳುತ್ತಿದ್ದಳು. ಪಡಸಾಲೆಯಲ್ಲಿದ್ದವರ ತಲೆಗಳೆಲ್ಲ ಒಂದೊಂದಾಗಿ ಆ ಕಡೆ ತಿರುಗಿದವು. ಕಡೆಗೆ ತಿರುಗಿದ್ದು ರಾಚಪ್ಪನವರದು.

"ಅಕ್ಕಾರ," ಎಂದು ಪರಮಾನಂದ ಕೂಗಿದ, "ನಿಮ್ಮ ಪಾಸ್‌ಪೋರ್ಟ್ ಐತೇನ್ರಿ?"

ಭಾಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮಾತು ತಿಳಿಸಿದರು. ಅವಳು ಪರಮಾನಂದನನ್ನು ನೋಡಲಿಲ್ಲ, ಓಣಿಯವರನ್ನು ನೋಡಲಿಲ್ಲ. ಗಂಡನ ಮುಖ ನೋಡಿದಳು.

"ನೀವು ಹೋಗ್ತೇನಂದ್ರ ನಾ ಒಲ್ಲೆನ್ರಿ. ಸರ್ಕಸ್ಸಿನ ಮಾತು ನನಗ ಗೊತ್ತೈತಿ. ಬ್ರೆಡ್ಡ ತಿಂದು ಹೋಗಿ ಬರ್ರಿ. ಇವರೂ ತಿನ್ನಲಿ. ಹೋಗ್ತೀರೇನು? ಹೇಳ್ರಿ."

ರಾಚಪ್ಪನವರಿಗೆ ಹೌದು ಎನ್ನುವುದಿತ್ತು. ಬಾಯಿಯವರೆಗೆ ಬಂದಿತ್ತು. ಆದರೆ ಬ್ರೆಡ್ಡು ಒಂದು ಕಡೆ, ಸಿಂಹ ಒಂದು ಕಡೆ. ಸಿಂಹದ ಕಡೆಗೆ ತಕ್ಕಡಿ ವಾಲಿತು. ಅಷ್ಟರಲ್ಲಿ ಹದಿನೈದು ದಿನ ತಮ್ಮನ್ನು ಕೆಕ್ಕರಿಸಿ ನೋಡಲಿರುವ ಹನ್ನೊಂದು ಹಸಿದ ಮುಖಗಳು ಕಂಡವು, ಈ ಕಡೆ ವಾಲಿತು. ಹೆಂಡತಿ ಹೋದರೆ ಸೀಟು ಪುಕ್ಕಟೆ ಎಂಬ ಲೆಕ್ಕ ಬಂದು ಮತ್ತೆ ಅಲುಗಿತು. ಮೊಳಕಾಲು ನೆನಪಾಯಿತು.

"ಒಂದೀಟ ವಿಚಾರ ಮಾಡಿ..." ಎಂದರು.

ಭಾಗವ್ವ ಇನ್ನೂ ಸ್ವಲ್ಪ ಹೊತ್ತು ಕಾದಳು. ಮೂವತ್ತು ವರ್ಷ ಜೊತೆಗೆ ಸಂಸಾರ ಮಾಡಿದವಳಿಗೆ ಆ ವಿಚಾರ ಎಷ್ಟು ಹೊತ್ತಿನದು ಎಂದು ಗೊತ್ತಿತ್ತು.

"ಆತು," ಎಂದಳು. ಒಳಗೆ ಹೋಗಿ ಟ್ರಂಕಿನ ತಳದಿಂದ ಪಾಸ್‌ಪೋರ್ಟು ತಂದು ಪರಮಾನಂದನ ಮುಂದಿಟ್ಟಳು. "ಯಾವಾಗ ಹೊಂಡೂದ್ರಿ? ಹಿಟ್ಟು ಎಷ್ಟ ಬೀಸಸ್ಬೇಕು?"

ನೆಲದ ಮೇಲಿದ್ದ ಪೆನ್ನು ತೆಗೆದುಕೊಂಡು, ಅಲ್ಲೇ ಕೂತು ಫಾರ್ಮಿನಲ್ಲಿ ತನ್ನ ಹೆಸರು ಬರೆದಳು. ಓಣಿ ಚಪ್ಪಾಳೆ ಹೊಡೆಯಿತು. ಮುತ್ತವ್ವ ಅವಳ ನೆಟಿಗೆ ಮುರಿದಳು. ಹೊರಗೆ ಮೋತಿ ಕೂಡ ಒಂದು ಸಲ ಬೊಗಳಿತು.

ಸಂಜೆ ನಾಲ್ಕರ ಬಸ್ಸಿಗೆ ಪರಮಾನಂದನನ್ನು ಕಳಿಸಲು ರಾಚಪ್ಪನವರೇ ಹೋದರು. ಬಸ್ಸಿನ ಕಿಟಕಿ ಹಿಡಿದುಕೊಂಡು, "ಮುಂದಿನ ವರ್ಷ ಮತ್ತ ಇರ್ತೈತಲ್ರಿ ಪ್ರವಾಸ?" ಎಂದು ಕೇಳಿದರು.

"ಇರ್ತೈತ್ರಿ. ಆದ್ರ ಮುಂದಿನ ವರ್ಷಾನೂ ಅಕ್ಕಾರನ್ನ ಕಳಸ್ಬೇಕ್ ನೋಡ್ರಿ."

ಬಸ್ಸು ಹೋಯಿತು. ಸಾಂಗ್ಲಿಯಿಂದ ತರಿಸಿಟ್ಟುಕೊಂಡಿದ್ದ ದುರ್ಬೀನನ್ನು ಭಾಗವ್ವನಿಗೆ ಕೊಡುವುದೋ, ತಾವೇ ಇಟ್ಟುಕೊಳ್ಳುವುದೋ ಎಂದು ಯೋಚಿಸುತ್ತ ಮನೆಗೆ ಬಂದರು. ಅದು ಆಗಲೇ ಅವಳ ಚೀಲದಲ್ಲಿತ್ತು.

"ಬರ್ರಿ ಇಲ್ಲೆ," ಎಂದು ಭಾಗವ್ವ ಒಲೆಯ ಮುಂದೆ ಮಣೆ ಹಾಕಿದಳು. "ಹದಿನೈದ ದಿನಾ ನಿಮಗ ರೊಟ್ಟಿ ಯಾರ ಮಾಡಿ ಹಾಕ್ತಾರ? ಇವತ್ತಿನಿಂದ ಕಲೀರಿ. ಸಿಂಹಾ ಹೆಂಗ ಇತ್ತು ಅಂತ ಬಂದ ಕೂಡ್ಲೆ ನಿಮಗ ಮೊದಲ ಹೇಳ್ತೇನಿ, ಆತಿಲ್ಲೋ?" ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ಇದ್ದಿದ್ದರೆ ರಾಚಪ್ಪನವರಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವರು ಹಿಟ್ಟಿನ ಉಂಡೆ ಇಟ್ಟುಕೊಂಡು ಬಡಿದರು. ಅದು ದುಂಡಗಾಗಲಿಲ್ಲ. ಮೇಲೆ ಅಗಲವಾಗಿ, ಎಡಕ್ಕೆ ಉಬ್ಬಿ, ಕೆಳಗೆ ಇಳಿಯುತ್ತ ಇಳಿಯುತ್ತ ಚೂಪಾಯಿತು. ಅಂಚೆಲ್ಲ ಹರಿದಿತ್ತು. ಹೇಗೋ ಎತ್ತಿ ಹೆಂಚಿಗೆ ಹಾಕಿದರು. ಭಾಗವ್ವ ಅದನ್ನು ನೋಡಿ, ಗೂಡಿನಲ್ಲಿದ್ದ ನೀಲಿ ಪುಸ್ತಿಕೆಯ ಹಿಂಭಾಗದ ನಕಾಶೆ ನೋಡಿ, ಮತ್ತೆ ಹೆಂಚು ನೋಡಿದಳು.

"ರೀ, ಇದು ಬರೋಬ್ಬರಿ ಆಫ್ರಿಕಾ ಆಗೇತಲ್ರಿ!"

ರಾಚಪ್ಪನವರು ಬಗ್ಗಿ ನೋಡಿದರು. ಹೌದು, ಆಫ್ರಿಕಾವೇ. ಎಷ್ಟು ಹತ್ತಿರವಿತ್ತು ಈಗ.

"ನೋಡ್ಕೋಂತ ಕುಂತ್ರಲ್ಲ. ತಿರುವಿ ಹಾಕ್ರಿ."

ಈಗಲೇ ತಿರುವುವುದೋ, ಇನ್ನೂ ಸ್ವಲ್ಪ ಬೇಯಲಿ ಎಂದು ಬಿಡುವುದೋ? ರಾಚಪ್ಪನವರು ಒಂದು ಕ್ಷಣ ಯೋಚಿಸಿದರು. ಅಷ್ಟರಲ್ಲಿ ಅದು ಸೀದು ಕರಕಲಾಯಿತು.