ಮಿಷನ್ನು ಕಟ್ಟಿದ ದೊಡ್ಡಪ್ಪ

ಮಕ್ಕಳ ಶಾಲೆಯ ಕೆಲಸವನ್ನು ತಾವೇ ಮಾಡಿಕೊಡುವ ತಂದೆತಾಯಿಗಳನ್ನು ಕಂಡರೆ ನನಗಾಗದು ಎಂದು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಹಾಗೆ ಹೇಳುವಾಗ ಹೆಚ್ಚಾಗಿ ನನ್ನ ಬೆರಳಿಗೆ ಅಂಟು ಮೆತ್ತಿಕೊಂಡಿರುತ್ತದೆ. ಅಮೆರಿಕದ ಮಿಲ್ಪಿಟಾಸಿನಲ್ಲಿರುವ ನಮ್ಮ ಕಡೆಯವರಲ್ಲಿ ಇದೊಂದು ಗುಟ್ಟಿನ ಕಾಯಿಲೆ. ಎಲ್ಲರಿಗೂ ಇದೆ, ಯಾರೂ ಬಾಯಿ ಬಿಡುವುದಿಲ್ಲ. ನನ್ನದನ್ನು ಬಯಲು ಮಾಡಿದ್ದು ಒಂಬತ್ತು ವರ್ಷದ ಒಬ್ಬಳು ಬ್ರಿಟಿಷ್ ಪ್ರಜೆ.

ಆಕೆ ನನ್ನ ತಮ್ಮನ ಮಗಳು ತನ್ವಿ. ಹುಟ್ಟಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ತಮ್ಮನಿಗೆ ಇಲ್ಲಿಗೆ ವರ್ಗವಾಗಿ, ಅಪಾರ್ಟ್‌ಮೆಂಟು ಸಿಗುವವರೆಗೆ ಮೂವರೂ ನಮ್ಮ ಮನೆಯಲ್ಲಿದ್ದರು. ಇಂಗ್ಲೆಂಡಿನಲ್ಲಿ ಮಕ್ಕಳನ್ನು ನಾಲ್ಕು ವರ್ಷಕ್ಕೇ ಶಾಲೆಗೆ ಅಟ್ಟುತ್ತಾರಂತೆ. ಹಾಗಾಗಿ ಅಲ್ಲಿ ಐದನೇ ಕ್ಲಾಸಿನಲ್ಲಿದ್ದವಳು ಇಲ್ಲಿ ನಾಲ್ಕಕ್ಕೆ ಇಳಿದಳು. ಮಂಡ್ಯದಿಂದ ನಮ್ಮಮ್ಮ ಫೋನಿನಲ್ಲಿ, "ಅಯ್ಯೋ, ಮಗು ಫೇಲಾಯ್ತೇನ್ಲಾ?" ಎಂದು ಅತ್ತೇಬಿಟ್ಟರು. ಮೊದಲ ದಿನ ಮಗು ಬೂದು ಲಂಗ, ಬಿಳಿ ಷರ್ಟು, ಪಟ್ಟೆ ಟೈ ತೊಟ್ಟು ಹೊರಟಿತು. "ಇಲ್ಲಿ ಯೂನಿಫಾರ್ಮ್ ಇಲ್ಲ ಪುಟ್ಟಿ" ಎಂದೆ. "ಹಾಗಾದ್ರೆ ಯಾರು ಶಾಲೆಗೆ ಬಂದವರು, ಯಾರು ಸುಮ್ನೆ ಬಂದವರು ಅಂತ ಹೇಗೆ ಗೊತ್ತಾಗತ್ತೆ?" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿರುವುದೆಲ್ಲ ನನ್ನ ಅನುವಾದ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು, ಕೇಕಿನ ಮೇಲೆ ಬಿಸಿ ಕಸ್ಟರ್ಡು ಸುರಿಸಿಕೊಳ್ಳುವುದು, ಎಂದೆಲ್ಲ ತನ್ನ ಶಾಲೆಯ ಕಥೆ ಹೇಳುತ್ತಿದ್ದಳು. "ಗೇಟಿನಿಂದ ಒಳಗೆ ಅಪ್ಪ ಅಮ್ಮ ಬರೋ ಹಾಗಿಲ್ಲ. ಎಲ್ಲ ನಾವೇ ಮಾಡ್ಬೇಕು" ಎಂದಳು. ಅಂಥ ಶಾಲೆಯಲ್ಲಿ ಮಕ್ಕಳು ಮುಂದೆ ಬರುವುದಾದರೂ ಹೇಗೆ ಎಂದು ನಾನು ಮರುಗಿದೆ.

ಕ್ಯಾಲಿಫೋರ್ನಿಯಾದಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಮಿಷನ್ನಿನ ಮಾದರಿ ಕಟ್ಟಿಸಿ ಶಾಲೆಯಲ್ಲಿ ಪ್ರದರ್ಶನಕ್ಕಿಡುವ ಹಳೆಯ ಪದ್ಧತಿಯೊಂದಿದೆ. ಮಿಷನ್ನು ಎಂದರೆ ಸ್ಪೇನಿನ ಪಾದ್ರಿಗಳು ಹಿಂದೆ ಇಲ್ಲಿ ಕಟ್ಟಿಸಿದ ಚರ್ಚು, ಅಂಗಳ, ಗಂಟೆಗೋಪುರ. ನನ್ನ ಮಗನ ಸರದಿಯಲ್ಲಿ ಪಕ್ಕದ ಮೇಜಿನ ಹಾಸನದವರ ಚರ್ಚಿಗೆ ನೀರು ಚಿಮ್ಮುವ ಕಾರಂಜಿಯೇ ಇತ್ತು. ಆ ಸಂಕಟ ನನಗಿನ್ನೂ ಹೋಗಿರಲಿಲ್ಲ. ತನ್ವಿ ತನ್ನ ಪಾಡಿಗೆ ತಾನು ಬೆಳಗಿನ ತಿಂಡಿಯ ಸೀರಿಯಲ್ಲಿನ ರಟ್ಟಿನ ಡಬ್ಬಿ ಕತ್ತರಿಸಿ, ಬಣ್ಣ ಬಳಿದು, ಒಂದು ಚರ್ಚು ಮಾಡಿದಳು. ಗೋಪುರ ಜ್ವರ ಬಂದವರ ಹಾಗೆ ಗೋಡೆಗೆ ಒರಗಿತ್ತು. ಊರಿನವರೆಲ್ಲ ನೋಡಲು ಬರುವಾಗ ಇದನ್ನಿಟ್ಟರೆ ನಮ್ಮ ಮನೆತನದ ಗತಿಯೇನು?

ಶನಿವಾರ ಅವಳು ಅಮ್ಮನ ಜೊತೆ ಈಜಲು ಹೋದಾಗ ನಾನು ಗರಾಜಿನಲ್ಲಿ ಕೂತೆ. ಫೋಮ್ ಬೋರ್ಡಿನ ಗೋಡೆ, ಒಂದೊಂದಾಗಿ ಜೋಡಿಸಿದ ಹೆಂಚು, ಕಿಟಕಿಗೆ ದೀಪ. ಅವಳದನ್ನು ರದ್ದಿಯ ಡಬ್ಬಕ್ಕೆ ಹಾಕಿದೆ. ಬಂದವಳು ಬಹಳ ಹೊತ್ತು ನೋಡಿ, "ತುಂಬ ಚೆನ್ನಾಗಿದೆ, ಥ್ಯಾಂಕ್ ಯು ದೊಡ್ಡಪ್ಪ. ನಂದು ಎಲ್ಲಿ?" ಎಂದಳು. "ಭದ್ರವಾಗಿ ಎತ್ತಿಟ್ಟಿದೀನಿ" ಎಂದೆ.

ಪ್ರದರ್ಶನದ ದಿನ ಪ್ರತಿ ಮಗುವೂ ತನ್ನ ಮಾದರಿಯ ಪಕ್ಕ ನಿಂತು ವಿವರಿಸಬೇಕು. ಇತರ ಮಕ್ಕಳು ತಮ್ಮ ಮಾದರಿಗಳೊಳಗಿನ, ತಾವು ಕಂಡೇ ಇರದ ಮೋಟಾರುಗಳ ವಿಷಯ ಧಾರಾಳವಾಗಿ ಹೇಳುತ್ತಿದ್ದರು. ತನ್ವಿ ಟೀಚರ್ ಬಂದ ಕೂಡಲೇ ನೆಟ್ಟಗೆ ನಿಂತು, "ಇದು ನನ್ನ ದೊಡ್ಡಪ್ಪ ಮಾಡಿದ್ದು, ತುಂಬ ಕಷ್ಟಪಟ್ಟಿದಾರೆ. ನಾನು ಮಾಡಿದ್ದು ಮನೇಲಿ ಭದ್ರವಾಗಿದೆ" ಎಂದಳು. ಸುತ್ತಲಿದ್ದ ಅಪ್ಪಂದಿರೆಲ್ಲ ಇದ್ದಕ್ಕಿದ್ದಂತೆ ಚಾವಣಿ ನೋಡತೊಡಗಿದರು. ಟೀಚರ್ ನನ್ನ ಕಡೆ ತಿರುಗಿ ನಗುತ್ತಲೇ, "ನಾಳೆ ಅವಳದನ್ನ ಕಳಿಸ್ತೀರಾ? ನೋಡ್ಬೇಕು ನಾನು" ಎಂದರು. ರದ್ದಿಯ ಲಾರಿ ಆ ಬೆಳಿಗ್ಗೆಯೇ ಬಂದು ಹೋಗಿತ್ತು.

ಇಷ್ಟಕ್ಕೆ ಬುದ್ಧಿ ಬರಬೇಕಿತ್ತು. ಆ ಸಂಜೆ ನಾನು ಮಾಡಿದ್ದು, ಅದೇ ಸೀರಿಯಲ್ಲು ಕೊಂಡು ತಂದು, ಗರಾಜಿನಲ್ಲಿ ಕೂತು, ಅವಳ ಗೋಪುರದ ಹಾಗೆಯೇ ಒಂದು ಗೋಪುರವನ್ನು ಸೊಟ್ಟಗೆ ನಿಲ್ಲಿಸಲು ಒದ್ದಾಡಿದ್ದು. ಇಷ್ಟು ವರ್ಷದ ಇಂಜಿನಿಯರಿಂಗು ಅಡ್ಡ ಬಂತು. ಹೇಗೆ ನಿಲ್ಲಿಸಿದರೂ ನೆಟ್ಟಗೇ ನಿಂತಿತು. ತಲೆಯೆತ್ತಿದರೆ ಬಾಗಿಲಲ್ಲಿ ತನ್ವಿ.

"ನಿಂದನ್ನ ಎಸೆದುಬಿಟ್ಟೆ ಪುಟ್ಟಿ. ಎತ್ತಿಟ್ಟಿದೀನಿ ಅಂದಿದ್ದು ಸುಳ್ಳು" ಎಂದೆ.

ಅವಳ ಕಣ್ಣಲ್ಲಿ ನೀರು ಬಂತು. "ಸಾರಿ" ಎಂದಳು, ಅವಳೇ! ತಪ್ಪು ಯಾರದ್ದಾದರೂ ಸಾರಿ ಹೇಳುವ ದೇಶದಲ್ಲಿ ಬೆಳೆದ ಮಗು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಮೂಗೊರೆಸಿಕೊಂಡು ನನ್ನ ಪಕ್ಕ ಬಂದು ಕೂತಳು. ಅವಳ ಶಾಲೆಯಲ್ಲಿ ಬೇರೆಯವರ ಕೆಲಸ ನೋಡಿದರೆ ಮೊದಲು ಎರಡು ಒಳ್ಳೆಯ ಮಾತು ಹೇಳಬೇಕಂತೆ, ಆಮೇಲೆ 'ಹೀಗಿದ್ದರೆ ಚೆನ್ನಾಗಿತ್ತು' ಎಂಬ ಒಂದು ಬಯಕೆ.

"ದೀಪ ಚೆನ್ನಾಗಿತ್ತು. ಹೆಂಚು ತುಂಬಾನೇ ಚೆನ್ನಾಗಿತ್ತು" ಎಂದಳು. ಆಮೇಲೆ, "ಇನ್ನೊಂದು ಸಲ ನನ್ನನ್ನ ಕೇಳಿ ಮಾಡಿ" ಎಂದಳು.

ಮರುದಿನ ಆಫೀಸಿನಲ್ಲಿ ಗೆಳೆಯರು, "ಹೇಗಿತ್ತು ಗುರು ಮಿಷನ್ನು?" ಎಂದು ಕೇಳಿದರು. ದೀಪ ಮತ್ತು ಹೆಂಚಿನ ಬಗ್ಗೆ ಬಂದ ಅಭಿಪ್ರಾಯಗಳನ್ನು ಮಾತ್ರ ಹೇಳಿ, ಮೀಟಿಂಗು ಇದೆ ಎಂದು ಎದ್ದು ಹೋದೆ.