ರೈನ್ ನದಿಗೆ ಬಿದ್ದ ಚನ್ನಗಿರಿಯ ಬೀಗದ ಕೈ

ಜರ್ಮನಿಯ ನೆಲದಲ್ಲಿ ಚನ್ನಗಿರಿಯ ಹೆಸರನ್ನು ಶಾಶ್ವತವಾಗಿ ಜಡಿದು ಬರುತ್ತೇನೆ! ಹೀಗೆಂದು ನಾನು ಶಪಥ ಮಾಡಿದ್ದು ನಮ್ಮ ಹಾರ್ಡ್‌ವೇರ್ ಅಂಗಡಿಯ ಗಲ್ಲಾದ ಮುಂದೆ, ಏಳೆಂಟು ಗಿರಾಕಿಗಳ ಸಮಕ್ಷಮದಲ್ಲಿ. ಪಂಪ್‌ಸೆಟ್ ಕಂಪನಿಯವರು ಆ ವರ್ಷ ಟಾರ್ಗೆಟ್ ಮುಟ್ಟಿದ ಡೀಲರುಗಳನ್ನು ಹೆಂಡತಿಯರ ಸಮೇತ ಜರ್ಮನಿಗೆ ಕರೆದೊಯ್ಯುವುದಾಗಿ ಹೇಳಿದ್ದರು. ಚನ್ನಗಿರಿ ತಾಲ್ಲೂಕಿನಿಂದ ಆಯ್ಕೆಯಾದವನು ನಾನೊಬ್ಬನೇ, ಮುರುಗೇಶಪ್ಪ. ಜಗಳೂರಿನಿಂದ ಬಸವರಾಜ್ ಎಂಬುವವನೂ ಇದ್ದ, ಆದರೆ ಅವನು ಟಾರ್ಗೆಟ್ ಮುಟ್ಟಿದ್ದು ಮಾರ್ಚ್ ಮೂವತ್ತೊಂದಕ್ಕೆ, ನಾನು ಮುಟ್ಟಿದ್ದು ಸಂಕ್ರಾಂತಿಗೆ!

ಪ್ರವಾಸದ ಕೊನೆಯ ಊರು ಕೊಲೋನ್. ಅಲ್ಲಿ ರೈನ್ ನದಿಯ ಮೇಲೊಂದು ರೈಲು ಸೇತುವೆ ಇದೆಯಂತೆ. ಗಂಡ ಹೆಂಡತಿ, ಪ್ರೇಮಿಗಳು ಎಲ್ಲರೂ ತಮ್ಮ ಹೆಸರು ಬರೆದ ಬೀಗವನ್ನು ಅದರ ಕಂಬಿಗೆ ಹಾಕಿ, ಬೀಗದ ಕೈಯನ್ನು ನದಿಗೆ ಎಸೆಯುತ್ತಾರಂತೆ. ಕೈ ನೀರು ಪಾಲು, ಪ್ರೀತಿ ಅಚಲ! ಟೂರ್ ಮ್ಯಾನೇಜರ್ ಪ್ರವೀಣ್ ಕುಮಾರ್ ಇದನ್ನು ಮೊದಲೇ ಫೋನಿನಲ್ಲಿ ಹೇಳಿದ್ದೇ ತಡ, ಮೂವತ್ತೆರಡು ವರ್ಷದಿಂದ ಬೀಗ ಮಾರುತ್ತಿರುವ ನನ್ನ ಮೈಯಲ್ಲಿ ವಿದ್ಯುತ್ ಹರಿಯಿತು. ಅಂಗಡಿಯಲ್ಲಿದ್ದ ಏಳು ಲಿವರಿನ ಅತಿ ಗಟ್ಟಿ ಬೀಗವನ್ನು ಆರಿಸಿ ಅದರ ಮೇಲೆ ಬಿಳಿ ಆಯಿಲ್ ಪೇಂಟಿನಲ್ಲಿ ನಾನೇ ಬರೆದೆ: 'ಮುರುಗೇಶಪ್ಪ – ವಾಣಿಶ್ರೀ, ಚನ್ನಗಿರಿ, ದಾವಣಗೆರೆ ಜಿಲ್ಲೆ.' ಕೆಳಗೆ ಅಂಗಡಿಯ ಮೊಬೈಲ್ ನಂಬರು.

ನನ್ನ ಹೆಂಡತಿ ವಾಣಿಶ್ರೀ ಕನ್ನಡಕ ಏರಿಸಿ ಓದಿದಳು.

"ಪ್ರೀತಿ ಬೀಗಕ್ಕೆ ಫೋನ್ ನಂಬರ್ ಯಾಕ್ರೀ?"

"ಯಾರಾದ್ರೂ ನೋಡಿ, ಇಂಥಾ ಬೀಗ ನಮಗೂ ಬೇಕು ಅಂದ್ರೆ?"

"ಜರ್ಮನಿಯಿಂದ ಚನ್ನಗಿರಿಗೆ ಬಂದು ಬೀಗ ತಗೊಂಡು ಹೋಗ್ತಾರಾ?"

"ಗಟ್ಟಿ ಮಾಲು ಇದ್ರೆ ಎಲ್ಲಿಂದಾದ್ರೂ ಬರ್ತಾರೆ ಕಣೇ!"

ಅದೇ ಡಬ್ಬಿಯಿಂದ ಇನ್ನೊಂದು ಬೀಗ ತೆಗೆದು ಸೂಟ್‌ಕೇಸಿಗೆ ಇಟ್ಟುಕೊಂಡೆ. ಆ ಸೂಟ್‌ಕೇಸ್ ಸಾಮಾನ್ಯದ್ದಲ್ಲ. ನಮ್ಮ ಮದುವೆಯಲ್ಲಿ ತ್ಯಾವಣಿಗೆಯ ಮಾವನವರು ಮಗಳಿಗೆ ಕೊಟ್ಟದ್ದು, ಕಲ್ಲಿನಂತಹ ಗಟ್ಟಿ ಮೈಯದ್ದು. ಅದರ ಸ್ವಂತ ಬೀಗ ಕೆಟ್ಟು ಹೋಗಿತ್ತು. ನಾನಿರುವಾಗ ಚಿಂತೆಯೇ? ಡ್ರಿಲ್ ತಂದು ತೂತು ಕೊರೆದು ಒಂದು ಭರ್ಜರಿ ಚಿಲಕವನ್ನೇ ಕೂರಿಸಿಬಿಟ್ಟೆ. ಹಿತ್ತಾಳೆಯ ನಾಲ್ಕು ಸ್ಕ್ರೂ ಹೊರಗೆ ಎದ್ದು ಹೊಳೆಯುವಂತೆ ಕೂರಿಸಿದೆ, ನೋಡಿದವರ ಕಣ್ಣು ಕುಕ್ಕಬೇಕು! ವಾಣಿ ಮಾತ್ರ ತನ್ನ ತವರಿನ ಸೂಟ್‌ಕೇಸಿಗೆ ತೂತು ಬಿದ್ದದ್ದಕ್ಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ಕೊಲೋನ್ ಊರಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. ನನಗೆ ಚಿಕ್ಕಂದಿನಲ್ಲಿ ಜ್ವರ ಬಂದಾಗ ನಮ್ಮಮ್ಮ ಬಟ್ಟೆಗೆ ಹಾಕಿ ಹಣೆಗೆ ಇಡುತ್ತಿದ್ದ ಓಡಿಕೊಲೋನ್ ಎಂಬ ಘಮದ ನೀರು ಈ ಊರಿನದ್ದೇ ಎಂದು ತಿಳಿದು ನನಗೆ ನೆಂಟರ ಮನೆಗೆ ಬಂದಷ್ಟು ಸಂತೋಷವಾಯಿತು. ಊರ ನಡುವೆ ಆಕಾಶ ಮುಟ್ಟುವ ಎರಡು ಗೋಪುರಗಳ ಚರ್ಚು. ಶುರುವಾಗಿ ಮುಗಿಯುವುದಕ್ಕೆ ಆರುನೂರು ವರ್ಷಕ್ಕೂ ಮೇಲೆ ಹಿಡಿಯಿತಂತೆ!

"ಕಂಟ್ರಾಕ್ಟರ್ ಯಾರು?" ಎಂದ ಬಸವರಾಜ್.

ಗೋಪುರಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ನಮ್ಮೂರ ಕೋಟೆ ಬೆಟ್ಟ ಹತ್ತಿ ಬೆಳೆದ ಕಾಲು ಇದು, ಒಂದೇ ಉಸಿರಿಗೆ ಹತ್ತುತ್ತೇನೆ ಎಂದೆ. ಹತ್ತಿದೆ ಕೂಡ, ಆದರೆ ಉಸಿರುಗಳು ಸುಮಾರು ಆದವು. ಮೇಲಿನಿಂದ ರೈನ್ ನದಿ ಕಂಡಿತು. ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ, ಆದರೆ ನಮ್ಮ ತಾಲ್ಲೂಕಿನ ಸಮುದ್ರದಂಥ ಸೂಳೆಕೆರೆಯ ಏರಿ ಮೇಲೆ ನಿಂತು ನೀರು ನೋಡಿದವನನ್ನು ಬೆರಗುಗೊಳಿಸುವುದು ಅಷ್ಟು ಸುಲಭವಲ್ಲ.

ಅಲ್ಲಿಯವರ ಶಿಸ್ತು ಮಾತ್ರ ಒಪ್ಪಲೇಬೇಕು. ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲ, ಆದರೂ ಕೆಂಪು ದೀಪ ಹಸಿರಾಗುವವರೆಗೆ ಜನ ಕಲ್ಲುಕಂಬದಂತೆ ನಿಂತಿರುತ್ತಾರೆ. ಹೋಟೆಲುಗಳಲ್ಲಿ ಚಿಕ್ಕ ಚಿಕ್ಕ ಲೋಟದಲ್ಲಿ ಬಿಯರ್ ಕೊಡುತ್ತಾರೆ. ಲೋಟ ಖಾಲಿಯಾದರೆ ಕೇಳದೆಯೇ ಇನ್ನೊಂದು ತಂದಿಡುತ್ತಾರೆ, ಸಾಕೆನ್ನಲು ಲೋಟದ ಬಾಯಿಗೆ ರಟ್ಟಿನ ಬಿಲ್ಲೆ ಮುಚ್ಚಬೇಕು. ನಾವು ಮುಟ್ಟುವವರಲ್ಲ, ಸೇಬಿನ ರಸ ಕುಡಿಯುತ್ತ ನೋಡುತ್ತಿದ್ದೆವು. "ನಮ್ಮ ಮದುವೆ ಊಟದಾಗೆ ಪಾಯಸ ಬಡ್ಸೋರೂ ಹಿಂಗೇ ಅಲ್ವೇನ್ರೀ, ಎಲೆ ಮೇಲೆ ಕೈ ಅಡ್ಡ ಇಡೋತನಕ ಬಿಡಂಗಿಲ್ಲ" ಎಂದಳು ವಾಣಿ. ಜರ್ಮನರೂ ನಮ್ಮವರೇ ಎಂದು ನನಗೆ ಆಗಲೇ ಅನ್ನಿಸಿತು.

ಕೊನೆಯ ದಿನ ಭಾನುವಾರ. ಬೆಳಿಗ್ಗೆ ಸೇತುವೆ, ಸಂಜೆ ನಾಲ್ಕಕ್ಕೆ ಬಸ್ಸು, ರಾತ್ರಿ ಫ್ರಾಂಕ್‌ಫರ್ಟಿನಿಂದ ವಿಮಾನ. ಪಾಸ್‌ಪೋರ್ಟನ್ನು ರೂಮಿನಲ್ಲಿರುವ ನಂಬರಿನ ಪೆಟ್ಟಿಗೆಯಲ್ಲಿಡಿ ಎಂದು ಪ್ರವೀಣ್ ಕುಮಾರ್ ಹೇಳಿದ್ದ. ನಂಬರಿನ ಪೆಟ್ಟಿಗೆಯನ್ನು ಯಾರು ನಂಬುತ್ತಾರೆ? ಇಬ್ಬರ ಪಾಸ್‌ಪೋರ್ಟನ್ನೂ ಸೂಟ್‌ಕೇಸಿಗೆ ಹಾಕಿ ನನ್ನ ಏಳು ಲಿವರಿನ ಬೀಗ ಒತ್ತಿದೆ. ಟಕ್!

ಇನ್ನು ಸೇತುವೆಯ ಬೀಗ. ಆಯುಧಪೂಜೆಯ ದಿನ ಅಂಗಡಿಯ ಸುತ್ತಿಗೆಯಿಂದ ತಕ್ಕಡಿಯವರೆಗೆ ಎಲ್ಲವನ್ನೂ ತೊಳೆದು ವಿಭೂತಿ ಇಡುವವನು ನಾನು. ಇಷ್ಟು ದೊಡ್ಡ ಕೆಲಸಕ್ಕೆ ಹೊರಟ ಬೀಗಕ್ಕೆ ಪೂಜೆ ಇಲ್ಲದಿದ್ದರೆ ಹೇಗೆ? ಬೀಗ ತೊಳೆದೆ, ಅದರ ಕೈ ತೊಳೆದೆ. ಸೂಟ್‌ಕೇಸಿನ ಬೀಗಕ್ಕೆ ಬೇಸರವಾಗಬಾರದೆಂದು ಅದರ ಕೈಯನ್ನೂ ತೊಳೆದೆ. ಗುರುತಿಗೆಂದು ಅದಕ್ಕೆ ಕಟ್ಟಿದ್ದ ಕೆಂಪು ದಾರ ಮಾಸಿತ್ತು, ಬಿಚ್ಚಿ ಬಿಸಾಡಿದೆ. ಎರಡು ಕೈಗಳನ್ನೂ ತಟ್ಟೆಯಲ್ಲಿಟ್ಟು ವಿಭೂತಿ ಹಚ್ಚಿ ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಎರಡೂ ಅವಳಿ ಮಕ್ಕಳಂತೆ ಮಲಗಿದ್ದವು.

"ಯಾವ್ದು ಯಾವುದ್ರದ್ದು?" ಎಂದಳು ವಾಣಿ.

"ಇದು ಸೂಟ್‌ಕೇಸಿಂದು, ಇದು ಸೇತುವೆದು."

"ಒಂದ್ಸಲ ಹಾಕಿ ನೋಡ್ರಿ."

"ಮೂವತ್ತೆರಡು ವರ್ಷ ಬೀಗ ಮಾರಿದೋನಿಗೆ ಹಾಕಿ ನೋಡು ಅಂತೀಯಾ? ಕತ್ತಲಲ್ಲಿ ಮುಟ್ಟಿ ಹೇಳ್ತೀನಿ ನಾನು!"

ಸೇತುವೆ ನೋಡಿ ಮೈ ಜುಮ್ಮೆಂದಿತು. ಒಂದು ಕಡೆ ಧಡಧಡ ರೈಲು, ಕಂಬಿಯ ತುಂಬ ಲಕ್ಷಗಟ್ಟಲೆ ಬೀಗ! ನನಗೆ ಸ್ವರ್ಗ ಕಂಡಂತಾಯಿತು. ಬಹಳಷ್ಟು ತೆಳು ಮಾಲು. ಬಸವರಾಜ್ ಅಲ್ಲೇ ಎಲ್ಲೋ ಕೊಂಡ ಹೃದಯದ ಆಕಾರದ ಕೆಂಪು ಬೀಗ ಹಾಕಿದ. "ಬಸವರಾಜಣ್ಣ, ಇದು ಡೈರಿಗೆ ಹಾಕೋ ಬೀಗ" ಎಂದೆ. ನನ್ನದನ್ನು ಎಲ್ಲಕ್ಕಿಂತ ಎತ್ತರದಲ್ಲಿ ಕಂಬಿಗೆ ಸಿಕ್ಕಿಸಿ ಒತ್ತಿದೆ. ಟಕ್! ಸೇತುವೆಯ ಹೊರಬದಿಗೆ ಬಂದು ಬೀಗದ ಕೈಯನ್ನು ನದಿಗೆ ಬೀಸಿ ಒಗೆದೆ. ಅದು ಬಿಸಿಲಿಗೆ ಮಿಂಚಿ ರೈನ್ ಪಾಲಾಯಿತು. "ಚನ್ನಗಿರಿಗೆ ಜೈ!" ಎಂದು ಕೂಗಿದೆ. ವಾಣಿ ನಾಚಿ ಸೆರಗು ಬಾಯಿಗೆ ಹಿಡಿದಳು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಅವಳು ಮದುವೆಯ ದಿನಕ್ಕಿಂತ ಚೆಂದ ಕಂಡಳು.

ಹೋಟೆಲಿಗೆ ಬಂದು ಸೂಟ್‌ಕೇಸಿನ ಬೀಗಕ್ಕೆ ಜೇಬಿನಲ್ಲಿದ್ದ ಬೀಗದ ಕೈ ಹಾಕಿದೆ. ತಿರುಗಲಿಲ್ಲ. ಎಣ್ಣೆ ಬೇಕೇನೋ ಎಂದು ತಲೆಗೆ ಹಚ್ಚುವ ಎಣ್ಣೆ ಬಿಟ್ಟೆ. ತಿರುಗಲಿಲ್ಲ. ವಿಭೂತಿ ಕೂತಿರಬಹುದೆಂದು ಊದಿದೆ. ಬೆನ್ನ ಹಿಂದೆ ವಾಣಿಯ ಉಸಿರು ಕೇಳಿಸಿತು.

"ರೀ, ನದಿಗೆ ಯಾವ ಕೀ ಎಸೆದ್ರಿ?"

ನಾನು ಬೀಗದ ಕೈಯನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದೆ.

"ಡೂಪ್ಲಿಕೇಟ್ ಎಲ್ಲೈತೆ?"

"ಭದ್ರವಾಗೈತೆ."

"ಎಲ್ಲಿ?"

"ಚನ್ನಗಿರಿಯಾಗೆ. ಗಲ್ಲಾದಾಗೆ."

ಆಗ ಗಂಟೆ ಎರಡು. ಪ್ರವೀಣ್ ಕುಮಾರ್ ಓಡಿ ಬಂದ. ಪಾಸ್‌ಪೋರ್ಟ್ ಇಲ್ಲದೆ ವಿಮಾನ ಹತ್ತಿಸುವುದಿಲ್ಲ, ಹೊಸ ಕಾಗದ ಪತ್ರಕ್ಕೆ ಎಷ್ಟು ದಿನವೋ ಎಂದ. ನಾನು ಎದೆ ಉಬ್ಬಿಸಿ ಹೇಳಿದೆ: "ಒಂದು ಹ್ಯಾಕ್ಸಾ ಬ್ಲೇಡ್ ತರ್ಸು, ಸಾಕು."

"ಸಾರ್, ಇವತ್ತು ಭಾನುವಾರ. ಇಲ್ಲಿ ಅಂಗಡಿ ಎಲ್ಲಾ ಬಂದ್."

"ಹಿಂದಿನ ಬಾಗ್ಲು ತಟ್ಟಿದ್ರೆ ಕೊಡ್ತಾರಪ್ಪ. ನಾನು ಕೊಡಲ್ವಾ?"

"ಇಲ್ಲಿ ಹಿಂದಿನ ಬಾಗಿಲೂ ಬಂದ್ ಸಾರ್."

ನೋಡಿ ವಿಧಿಯಾಟ! ಚನ್ನಗಿರಿಯಲ್ಲಿ 'ಜರ್ಮನ್ ಟೆಕ್ನಾಲಜಿ' ಎಂದು ಹೇಳಿ ಹೇಳಿ ಸಾವಿರಾರು ಬ್ಲೇಡು ಮಾರಿದವನಿಗೆ ಸಾಕ್ಷಾತ್ ಜರ್ಮನಿಯಲ್ಲಿ ಒಂದು ಬ್ಲೇಡು ಸಿಗಲಿಲ್ಲ!

ಸೂಟ್‌ಕೇಸನ್ನೇ ಒಡೆಯೋಣ ಎಂದ ಪ್ರವೀಣ್. ವಾಣಿ ಅದರ ಮೇಲೆ ಕುಳಿತೇಬಿಟ್ಟಳು. "ನಮ್ಮಪ್ಪ ಕೊಟ್ಟಿದ್ದು ಇದು! ಇವ್ರು ತೂತು ಮಾಡಿದ್ದೇ ಸಾಕು. ಯಾರಾದ್ರೂ ಮುಟ್ಟಿ ನೋಡಾಣ!"

ಕೊನೆಗೆ ಹೋಟೆಲಿನಲ್ಲಿ ರಿಪೇರಿ ಕೆಲಸ ನೋಡಿಕೊಳ್ಳುವ ಅಜ್ಜನೊಬ್ಬ ಮಾರುದ್ದದ ಕಟ್ಟರ್ ಹಿಡಿದು ಬಂದ. ಬೀಗದ ಕೊಂಡಿಗೆ ಅದರ ಬಾಯಿ ಸಿಕ್ಕಿಸಿ ಅದುಮಿದ. ನನ್ನ ಸಂಕಟ ಕೇಳಬೇಡಿ. ಬೀಗ ತುಂಡಾದರೆ ಮಾನ ಹೋಗುತ್ತದೆ, ಆಗದಿದ್ದರೆ ವಿಮಾನ ಹೋಗುತ್ತದೆ! ಅಜ್ಜನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಕಟ್ಟರ್ ಕಿರ್ರೆಂದಿತು. ಬೀಗದ ಮೇಲೆ ಬಿದ್ದದ್ದು ಒಂದು ಗೀರು! ಅಜ್ಜ ಬೆವರು ಒರೆಸಿಕೊಂಡು ನನ್ನ ಬೀಗದ ಬೆನ್ನು ತಟ್ಟಿ "ಗೂಟ್! ಗೂಟ್!" ಎಂದ.

"ಏನಂತಾನೆ?"

"ಒಳ್ಳೇ ಬೀಗ ಅಂತಿದಾರೆ ಸಾರ್."

ನನ್ನ ಕಣ್ಣಲ್ಲಿ ನೀರೇ ಬಂತು. ಜರ್ಮನಿಯವನ ಬಾಯಲ್ಲಿ ನನ್ನ ಅಂಗಡಿಯ ಮಾಲಿಗೆ ಸರ್ಟಿಫಿಕೇಟು! "ಕೇಳಿದ್ಯಾ ವಾಣಿ? ಕೇಳಿದ್ಯಾ?"

"ಕೇಳ್ದೆ. ಸರ್ಟಿಫಿಕೇಟ್ ಇಟ್ಕೊಂಡು ನೀವು ಇಲ್ಲೇ ಇರ್ರಿ. ನಾನು ಊರಿಗೆ ಹೋಗ್ತೀನಿ."

"ನಿನ್ ಪಾಸ್‌ಪೋರ್ಟೂ ಒಳಗೇ ಐತೆ."

ಗಂಟೆ ಮೂರೂವರೆ. ಕೆಳಗೆ ಬಸ್ಸಿನ ಹಾರ್ನು. ಬಸವರಾಜ್ ಬಾಗಿಲಲ್ಲಿ ಇಣುಕಿ, "ಮುರುಗೇಶಣ್ಣ, ಆ ಡೈರಿ ಬೀಗ ಹಾಕಿದ್ರೆ ಇಷ್ಟೊತ್ತಿಗೆ ಹಲ್ಲಲ್ಲೇ ತೆಗೀಬೋದಿತ್ತು" ಎಂದು ಹೋದ. ಪರದೇಶದಲ್ಲಿ ಹೆಂಡತಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಅಷ್ಟು ಹೊತ್ತಿಗೆ ವಾಣಿ ಸೂಟ್‌ಕೇಸಿನಿಂದ ಎದ್ದು, ಬಗ್ಗಿ, ಅದನ್ನೇ ನೋಡತೊಡಗಿದಳು. ಆಮೇಲೆ ಅಜ್ಜನ ಜೇಬಿನತ್ತ ಬೆರಳು ತೋರಿಸಿ ಅಚ್ಚ ಕನ್ನಡದಲ್ಲಿ, "ಯಜಮಾನ್ರೇ, ಆ ಸಣ್ಣ ಸ್ಕ್ರೂಡ್ರೈವರ್ ಕೊಡ್ರಿ ಇಲ್ಲಿ" ಎಂದಳು. ಅಜ್ಜನಿಗೆ ಅದು ಹೇಗೆ ಅರ್ಥವಾಯಿತೋ, ಕೊಟ್ಟ.

ಕಣ್ಣು ಕುಕ್ಕುವಂತೆ ನಾನು ಹೊರಗೆ ಕೂರಿಸಿದ್ದ ಹಿತ್ತಾಳೆಯ ಸ್ಕ್ರೂಗಳು! ಒಂದು. ಎರಡು. ಮೂರು. ನಾಲ್ಕು. ಚಿಲಕ ಬೀಗದ ಸಮೇತ ಅವಳ ಕೈಗೆ ಬಂತು. ಏಳು ಲಿವರಿನ ಬೀಗ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಸೂಟ್‌ಕೇಸ್ ತೆರೆದುಕೊಂಡಿತು.

ಅಜ್ಜ ಈ ಸಲ ವಾಣಿಯ ಕಡೆ ತಿರುಗಿ "ಜೇರ್ ಗೂಟ್!" ಎಂದ.

"ಏನಂತಾನೆ?" ಎಂದೆ.

"ಬಹಳ ಒಳ್ಳೇದು ಅಂತ ಸಾರ್," ಎಂದ ಪ್ರವೀಣ್, "ನಿಮ್ ಬೀಗಕ್ಕೆ ಬರೀ ಒಳ್ಳೇದು ಅಂದಿದ್ರು."

ಬಸ್ಸಿನಲ್ಲಿ ಕುಳಿತ ಮೇಲೆ ಜೇಬಿಗೆ ಕೈ ಹಾಕಿದರೆ ಉಳಿದ ಬೀಗದ ಕೈ ಸಿಕ್ಕಿತು. ಆಗ ಹೊಳೆಯಿತು ಅನಾಹುತ! ಇದು ಸೇತುವೆಯ ಬೀಗದ್ದು. ಪ್ರೀತಿ ಶಾಶ್ವತವಾಗಬೇಕಾದರೆ ನೀರಿಗೆ ಬೀಳಬೇಕಾದ್ದು ಇದೇ, ಇದು ನನ್ನ ಜೇಬಿನಲ್ಲಿ! ಬಸ್ಸು ಅಷ್ಟರಲ್ಲಿ ಊರು ಬಿಟ್ಟಾಗಿತ್ತು. ಚಿಂತೆಯಿಲ್ಲ, ನಮಗೂ ನದಿಯಿಲ್ಲವೇ?

ಊರಿಗೆ ಬಂದ ಮೂರನೇ ದಿನವೇ ವಾಣಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊನ್ನಾಳಿ ಸೇತುವೆಗೆ ಹೋದೆ. ಕೆಳಗೆ ತುಂಗಭದ್ರೆ ತುಂಬಿ ಹರಿಯುತ್ತಿದ್ದಳು. ರೈನ್ ಏನು ಮಹಾ, ಇದು ನಮ್ಮ ಹೊಳೆ! "ಜರ್ಮನಿಯಾಗೆ ಬೀಗ, ಹೊನ್ನಾಳಿಯಾಗೆ ಕೀ. ಎರಡು ದೇಶದ ಮಧ್ಯೆ ನಮ್ಮ ಪ್ರೀತಿ! ಯಾವನಿಗೈತೆ ಈ ಭಾಗ್ಯ?" ಎಂದು ಎಸೆಯಲು ಕೈ ಎತ್ತಿದೆ. ವಾಣಿ ನನ್ನ ಮಣಿಕಟ್ಟು ಹಿಡಿದು ಬೀಗದ ಕೈಯನ್ನು ಕಿತ್ತುಕೊಂಡಳು. ತಾಳಿಸರದ ಪಿನ್ನಿಗೆ ಅದನ್ನು ಸಿಕ್ಕಿಸಿ ಸೆರಗು ಮುಚ್ಚಿದಳು.

"ಇದು ನನ್ ತಾವೇ ಇರ್ಲಿ ಬಿಡ್ರಿ."

"ಯಾಕೇ?"

"ಇನ್ನೊಂದ್ಸಲ ನನ್ನ ಮಾತು ಕೇಳ್ದೆ ಬಡಾಯಿ ಕೊಚ್ಚಿದ್ರೆ, ಜರ್ಮನಿಗೆ ಹೋಗಿ ಬಿಚ್ಕೊಂಡು ಬರಾಕೆ ಬೇಕಾಗುತ್ತೆ."