ವಂಶವೃಕ್ಷಕ್ಕೊಂದು ಕಿಟಕಿ

ಅತ್ತೆ ಕೊಟ್ಟ ಲೋಟದ ನೀರನ್ನು ಕುಡಿಯುವ ಮೊದಲು ಬೆಳಕಿಗೆ ಹಿಡಿದು ನೋಡಿದ್ದೇ ಅಪರಾಧವಾಯಿತು. ನೀರು ಪರೀಕ್ಷಿಸುವ ಪ್ರಯೋಗಾಲಯದ ನೌಕರನಿಗೆ ಅದು ಕೈಗಂಟಿದ ಅಭ್ಯಾಸ, ಅತ್ತೆಗೆ ಅವಮಾನ. ಅಂದಿನಿಂದ ಅವರು ಅಳಿಯನೊಡನೆ ಮಾತು ಬಿಟ್ಟರು.

ಅವರನ್ನು ಮಾತನಾಡಿಸಲೆಂದೇ ಅವನು ಬಿಡುವಿನ ವೇಳೆಯಲ್ಲಿ ಅವರ ವಂಶವೃಕ್ಷವನ್ನು ತೋರಿಸುವ ಪ್ರೋಗ್ರಾಂ ಒಂದನ್ನು ಬರೆದ. ಒಳಗಿನ ಕೆಲಸವೆಲ್ಲ ಮುಗಿದಿತ್ತು. ಪರದೆಯ ಮೇಲೆ ಕಿಟಕಿ, ಬಟನ್ನುಗಳನ್ನು ಬಿಡಿಸಿಕೊಡುವ ಟೂಲ್‌ಕಿಟ್ ಯಾವುದಿರಬೇಕೆಂಬುದಷ್ಟೇ ಬಾಕಿ. ಅತ್ತೆ ಮರುದಿನ ಊರಿಗೆ ಹೊರಡುವವರಿದ್ದುದರಿಂದ ಆಯ್ಕೆ ಅಂದೇ ಆಗಬೇಕಿತ್ತು.

ಊಟದ ಬಿಡುವಿನಲ್ಲಿ ಪ್ರಯೋಗಾಲಯದಲ್ಲೇ ಲ್ಯಾಪ್‌ಟಾಪ್ ತೆರೆದದ್ದು ಎರಡನೆಯ ತಪ್ಪು. ಯಾರೋ ಗಾಜಿನ ಕೊಳವೆ ಒಡೆದಾಗ ನೆರೆಯುವಂತೆ ಸಹೋದ್ಯೋಗಿಗಳು ನೆರೆದರು.

ಮೊದಲ ಟೂಲ್‌ಕಿಟ್ಟಿನಲ್ಲಿ ಬಂಧುಗಳೆಲ್ಲ ಬೂದು ಬಣ್ಣದ ಚೌಕಗಳಾದರು.

“ಏನ್ರೀ ಇದು, ಬದುಕಿರೋರಿಗೂ ಗೋರಿ ಕಟ್ಟಿಸಿದ್ದೀರಿ!” ಎಂದರು ಸೂಕ್ಷ್ಮದರ್ಶಕದ ಮೇಡಂ.

ಎರಡನೆಯದು ಸುಂದರವಾಗಿತ್ತು, ಆದರೆ ತೆರೆದುಕೊಳ್ಳಲು ಆಕಳಿಸುತ್ತಿತ್ತು.

“ಇದು ಏಳೋ ಹೊತ್ತಿಗೆ ಮನೇಲಿ ಇನ್ನೊಂದು ಮಗು ಹುಟ್ಟಿರುತ್ತೆ. ಅದನ್ನೂ ಈಗಲೇ ಸೇರಿಸ್ಬಿಡಿ,” ಎಂದರು ಉಗ್ರಾಣದವರು.

ಮೂರನೆಯದು ಚುರುಕು. ಆದರೆ ಒತ್ತಕ್ಷರಗಳನ್ನು ನುಂಗಿತು. ‘ಅಜ್ಜ’ ಹೋಗಿ ‘ಅಜ’ ಉಳಿಯಿತು.

“ಅಜ ಅಂದ್ರೆ ಆಡು ಕಣಯ್ಯಾ. ಅತ್ತೆ ಅಪ್ಪನ್ನೇ ಆಡು ಮಾಡಿದ್ಯಲ್ಲೋ!” ಎಂದ ಪಕ್ಕದ ಮೇಜಿನ ಗೆಳೆಯ.

ನಾಲ್ಕನೆಯದರಲ್ಲಿ ಒತ್ತುಗಳು ತಮ್ಮ ಸ್ಥಾನದಲ್ಲೇ ಕುಳಿತವು. ಅಷ್ಟೇ ಅಲ್ಲ, ಬೇಕಾದ ಸೂಚನೆಗಳೂ ಅದರೊಳಗೆ ಕನ್ನಡದಲ್ಲೇ ಸಿದ್ಧವಾಗಿದ್ದವು.

“ಕಣ್ಮುಚ್ಕೊಂಡು ಇದನ್ನೇ ಹಾಕಿ,” ಎಂದರು ಮೇಡಂ. “ಮಾತೆಲ್ಲ ಅದೇ ಆಡುತ್ತೆ. ನೀವು ಬಾಯಿ ಬಿಡೋದೇ ಬೇಡ.”

ಸಂಜೆ ಅವನು ಲ್ಯಾಪ್‌ಟಾಪನ್ನು ಅತ್ತೆಯ ಮುಂದಿಟ್ಟ. “ಎಲ್ಲಿ ಬೇಕಾದ್ರೂ ಒತ್ತಿ ನೋಡಿ ಅತ್ತೆ.”

ಅತ್ತೆ ಕನ್ನಡಕ ಸರಿಪಡಿಸಿಕೊಂಡು ತಮ್ಮ ಚೌಕದ ಮೂಲೆಯಲ್ಲಿದ್ದ ಪುಟ್ಟ ಕತ್ತರಿ ಗುರುತನ್ನು ಒತ್ತಿದರು. ಸೂಚನೆಯೊಂದು ಮೂಡಿತು. ಅವರು ಒಂದೊಂದೇ ಅಕ್ಷರ ಬಿಡಿಸಿ ಓದಿದರು: “ಅತ್ತೆಯನ್ನು ಅಳಿಸಬೇಕೇ?”

ಅತ್ತೆ ಪರದೆಯಿಂದ ತಲೆಯೆತ್ತಿದರು.

“ಈವರೆಗೆ ಯಾರೂ ನನ್ನ ಕೇಳಿ ಅಳಿಸಿರ್ಲಿಲ್ಲ, ಅಳಿಯಂದಿರೇ!”

ಮಾತು ಬಂದಿತ್ತು! ಆ ಸಂತೋಷದಲ್ಲೇ ಅವನು ಗಡಿಬಿಡಿಯಿಂದ ವಿವರಿಸಿದ: “ಅಯ್ಯೋ, ಅಳೋ ಹಾಗೆ ಮಾಡೋದಲ್ಲ ಅತ್ತೆ! ಅಳಿಸೋದು ಅಂದ್ರೆ ಒರೆಸಿ ಹಾಕೋದು. ನೀವು ಇರ್ಲೇ ಇಲ್ಲ ಅನ್ನೋ ಹಾಗೆ ಮಾಡೋದು, ಅಷ್ಟೇ!”

“ಅಷ್ಟೇನಾ?” ಎಂದು ಅತ್ತೆ ‘ಹೌದು’ ಒತ್ತಿದರು.

ಬೇರು ಕಿತ್ತ ಬಳ್ಳಿಯಂತೆ ಅವರ ಜೊತೆಗೆ ಮಗಳು, ಮೊಮ್ಮಕ್ಕಳು ಎಲ್ಲರೂ ಹೊರಟುಹೋದರು. ಬಿಳಿಯ ಕಿಟಕಿಯ ಮೂಲೆಯಲ್ಲಿ, ಯಾವ ಗೆರೆಯೂ ತಾಗದೆ, ಅಳಿಯನೊಬ್ಬನೇ ಉಳಿದ.

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಕೂಗಿದಳು: “ಅಮ್ಮಾ, ಅಡುಗೆ ಎಷ್ಟು ಜನಕ್ಕೆ ಮಾಡ್ಲಿ?”

ಅತ್ತೆ ಪರದೆಯನ್ನೊಮ್ಮೆ ನೋಡಿ, ಅಳಿಯನಿಗೆ ಬೆನ್ನು ಹಾಕಿ, ಮಗಳಿಗೆ ಹೇಳಿದರು: “ನಾವ್ಯಾರೂ ಇಲ್ವಲ್ಲೇ. ಇರೋರು ಒಬ್ಬರೇ. ಅವರೇ ಮಾಡ್ಕೊಳ್ಳಲಿ ಬಿಡು.”